ವಾಗ್ದಂಡನೆ ಎರಡು ಸಲ ಆದರೂ ಟ್ರಂಪ್ ಕುರ್ಚಿ ಏಕೆ ಹೋಗಲಿಲ್ಲ?

ಪ್ರಶ್ನೆ: ಟ್ರಂಪ್ ಅವರಿಗೆ ಎರಡು ಸಲ ವಾಗ್ದಂಡನೆ ಆಗಿದೆ ಎನ್ನುತ್ತಾರೆ. ಆದರೂ ಅಧಿಕಾರ ಹೋಗಲಿಲ್ಲ, 2024ರಲ್ಲಿ ಮತ್ತೆ ಗೆದ್ದೂ ಬಂದರು. ಹಾಗಾದರೆ ವಾಗ್ದಂಡನೆ ಎಂದರೆ ಬರೀ ಮಾತಿನ ಏಟೇ?

ಉತ್ತರ: ಗೊಂದಲದಲ್ಲಿ ಅರ್ಧ ಪಾಲು ನಮ್ಮ ಪತ್ರಿಕೆಗಳು ಬಳಸುವ ಪದದ್ದು. ‘ವಾಗ್ದಂಡನೆ’ ಎಂದ ಕೂಡಲೇ ಶಿಕ್ಷೆ ಆಗಿಯೇಹೋಯಿತು ಎನ್ನಿಸುತ್ತದೆ. ‘ಮಹಾಭಿಯೋಗ’ ವಾಸಿ, ಅದರಲ್ಲಿ ಕನಿಷ್ಠ ಆರೋಪದ ವಾಸನೆಯಾದರೂ ಇದೆ. ಅಮೆರಿಕದಲ್ಲಿ ಇದು ಪೊಲೀಸರ ಚಾರ್ಜ್‌ಶೀಟ್ ಇದ್ದ ಹಾಗೆ. ಅದನ್ನು ಹೊರಿಸುವುದು ಕೆಳಮನೆಯಾದ ಪ್ರತಿನಿಧಿ ಸಭೆ, ಅದಕ್ಕೆ ಸರಳ ಬಹುಮತ ಸಾಕು. ವಿಚಾರಣೆ ನಡೆಸಿ ತೀರ್ಪು ಕೊಡುವುದು ಸೆನೆಟ್. ಅಲ್ಲಿ ಹಾಜರಿದ್ದವರಲ್ಲಿ ಮೂರನೇ ಎರಡು ಭಾಗ ‘ದೋಷಿ’ ಎನ್ನಬೇಕು. ನೂರೂ ಮಂದಿ ಇದ್ದರೆ 67.

ಈ ಗೆರೆಯನ್ನು ಯಾವ ಅಧ್ಯಕ್ಷರ ಪ್ರಕರಣವೂ ದಾಟಿಲ್ಲ. 1868ರಲ್ಲಿ ಆಂಡ್ರ್ಯೂ ಜಾನ್ಸನ್ 35–19ರಲ್ಲಿ (ಆಗ 54 ಮಂದಿಯಲ್ಲಿ 36 ಬೇಕಿತ್ತು), ಒಂದೇ ಒಂದು ಮತದಿಂದ ಬಚಾವಾದರು. 1999ರಲ್ಲಿ ಕ್ಲಿಂಟನ್ ವಿರುದ್ಧ ಒಂದು ಆರೋಪಕ್ಕೆ 45, ಇನ್ನೊಂದಕ್ಕೆ 50 ಮತ ಬಿದ್ದವು. 2020ರಲ್ಲಿ ಟ್ರಂಪ್ ವಿರುದ್ಧ 48 ಮತ್ತು 47, 2021ರಲ್ಲಿ 57. ನಿಕ್ಸನ್ ಈ ಪಟ್ಟಿಯಲ್ಲೇ ಇಲ್ಲ: 1974ರ ಜುಲೈನಲ್ಲಿ ಪ್ರತಿನಿಧಿ ಸಭೆಯ ಸಮಿತಿ ಮೂರು ಆರೋಪಗಳನ್ನು ಒಪ್ಪಿತ್ತು, ಇಡೀ ಸಭೆ ಮತ ಹಾಕುವ ಮೊದಲೇ ಆಗಸ್ಟ್ 9ರಂದು ಅವರು ರಾಜೀನಾಮೆ ಕೊಟ್ಟು ಹೊರಟರು.

ಪಕ್ಷಗಳ ಜಗಳ ಇರುವುದು ಬೇರೆಡೆ: ಯಾವುದು ತಪ್ಪು? ದೇಶದ್ರೋಹ, ಲಂಚ, ಇತರ ‘ಹೈ ಕ್ರೈಮ್ಸ್ ಅಂಡ್ ಮಿಸ್‌ಡಿಮೀನರ್ಸ್’ ಎನ್ನುತ್ತದೆ ಸಂವಿಧಾನ. ನಿಘಂಟು ನೋಡಿ ‘ಮಿಸ್‌ಡಿಮೀನರ್’ ಅಂದರೆ ಸಣ್ಣ ಅಪರಾಧ ಎಂದುಕೊಂಡರೆ ದಾರಿ ತಪ್ಪುತ್ತೀರಿ. ಇದು ಬ್ರಿಟಿಷ್ ಪಾರ್ಲಿಮೆಂಟಿನಿಂದ ಬಂದ ಜೋಡಿಪದ, ಅಧಿಕಾರದ ದುರ್ಬಳಕೆಗೆ ಹೆಸರು. 1787ರಲ್ಲಿ ಸಂವಿಧಾನ ಬರೆಯುವ ಸಭೆಯಲ್ಲಿ ಜಾರ್ಜ್ ಮೇಸನ್ ಎಂಬ ಪ್ರತಿನಿಧಿ ‘ದುರಾಡಳಿತ’ ಎಂಬ ಪದವನ್ನೂ ಸೇರಿಸಿ ಎಂದಾಗ, ಅಷ್ಟು ಸಡಿಲ ಪದ ಇಟ್ಟರೆ ಅಧ್ಯಕ್ಷ ಸೆನೆಟ್ ಮರ್ಜಿಯಲ್ಲೇ ಇರಬೇಕಾಗುತ್ತದೆ ಎಂದು ಇನ್ನೊಬ್ಬ ಪ್ರತಿನಿಧಿ ಮ್ಯಾಡಿಸನ್ ತಡೆದರು. ಅದರ ಬದಲಿಗೆ ಬಂದದ್ದೇ ಈ ಪದ. ಇದೂ ಅಷ್ಟೇನೂ ಬಿಗಿಯಲ್ಲ ಬಿಡಿ.

ಹಾಗಾಗಿ ಕುರ್ಚಿಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ವಾದ ಮಗುಚುತ್ತದೆ. ವಿವಾಹೇತರ ಸಂಬಂಧದ ಬಗ್ಗೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದು ಅಪರಾಧವೇ, ಅಷ್ಟು ಸಾಕು ಎಂದು ಕ್ಲಿಂಟನ್ ಕಾಲದಲ್ಲಿ ರಿಪಬ್ಲಿಕನ್ನರು ಹೇಳಿದರು; ಅದು ಖಾಸಗಿ ವಿಷಯ, ಅಧಿಕಾರದ ದುರ್ಬಳಕೆಯಲ್ಲ ಎಂದರು ಡೆಮಾಕ್ರಟರು. 2019ರ ಉಕ್ರೇನ್ ಪ್ರಕರಣದಲ್ಲಿ (ಎದುರಾಳಿ ಬೈಡನ್ ಮೇಲೆ ತನಿಖೆ ಮಾಡಿ ಎಂದು ಟ್ರಂಪ್ ಉಕ್ರೇನ್ ಮೇಲೆ ಒತ್ತಡ ಹಾಕಿದರೆಂಬ ಆರೋಪ) ದುರ್ಬಳಕೆಯೇ ಸಾಕು ಎಂದವರು ಡೆಮಾಕ್ರಟರು. ಕಾನೂನಿನ ಪುಸ್ತಕದಲ್ಲಿರುವ ಅಪರಾಧ ಎಲ್ಲಿ ತೋರಿಸಿ ಎಂದವರು ರಿಪಬ್ಲಿಕನ್ನರು.

ಸೆನೆಟರುಗಳು ನಿಷ್ಪಕ್ಷ ನ್ಯಾಯ ಕೊಡುತ್ತೇವೆಂದು ಬೇರೆಯೇ ಪ್ರಮಾಣ ಮಾಡಬೇಕು. ವಿಚಾರಣೆ ನಡೆಯುವಾಗ ಬಾಯಿ ಬಿಡುವಂತಿಲ್ಲ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕು. 2020ರಲ್ಲಿ ಕುಡಿಯಲು ನೀರು, ಇಲ್ಲವೇ ಹಾಲು! ಕೊನೆಗೆ ಹೆಸರು ಕರೆದಾಗ ಎದ್ದು ನಿಂತು ‘ಗಿಲ್ಟಿ’ ಅಥವಾ ‘ನಾಟ್ ಗಿಲ್ಟಿ’ ಎನ್ನಬೇಕು. ಅಂದು ಮಿಟ್ ರಾಮ್ನಿ ಎದ್ದು ಒಂದು ಆರೋಪಕ್ಕೆ ‘ಗಿಲ್ಟಿ’ ಎಂದರು. ಸ್ವಂತ ಪಕ್ಷದ ಅಧ್ಯಕ್ಷರನ್ನು ದೋಷಿ ಎಂದ ಮೊದಲ ಸೆನೆಟರ್ ಅವರು.

ನಮ್ಮ ರಾಷ್ಟ್ರಪತಿಗಾದರೆ 61ನೇ ವಿಧಿಯಲ್ಲಿ ಕಾರಣ ಒಂದೇ, ಸಂವಿಧಾನದ ಉಲ್ಲಂಘನೆ. ಆರೋಪ ಹೊರಿಸುವುದಕ್ಕೇ ಆ ಸದನದ ಒಟ್ಟು ಸದಸ್ಯಬಲದ ಮೂರನೇ ಎರಡು ಭಾಗ ಬೇಕು. ಇದುವರೆಗೆ ಯಾರ ಮೇಲೂ ಪ್ರಯೋಗವಾಗಿಲ್ಲ.

ಇನ್ನು 2024ರ ವಿಚಾರ. ಮತ್ತೆಂದೂ ಹುದ್ದೆಗೆ ಬರದಂತೆ ನಿಷೇಧಿಸಲು ಸೆನೆಟ್‌ಗೆ ಅಧಿಕಾರವಿದೆ, ಅದಕ್ಕೆ ಪ್ರತ್ಯೇಕ ಮತದಾನ, ಅದರಲ್ಲಿ ಸರಳ ಬಹುಮತ ಸಾಕು. ಸಂಸತ್ ಭವನದ ಮೇಲಿನ ದಾಳಿಗೆ ಪ್ರಚೋದಿಸಿದರೆಂಬ ಎರಡನೇ ವಾಗ್ದಂಡನೆಯ ವಿಚಾರಣೆ 2021ರ ಫೆಬ್ರವರಿಯಲ್ಲಿ ನಡೆಯುವಾಗ ಟ್ರಂಪ್ ಆಗಲೇ ಹುದ್ದೆ ಬಿಟ್ಟಿದ್ದರು. ಮಾಜಿಯನ್ನು ವಿಚಾರಿಸುವಂತಿಲ್ಲ ಎಂದು ಬಹುಪಾಲು ರಿಪಬ್ಲಿಕನ್ನರು ಕೈಚೆಲ್ಲಿದರು, ಏಳು ಮಂದಿಯಷ್ಟೇ ‘ಗಿಲ್ಟಿ’ ಎಂದರು. ಬಿದ್ದ 57 ಮತ ನಿಷೇಧಕ್ಕೆ ಧಾರಾಳವಾಗಿ ಸಾಕಾಗುತ್ತಿತ್ತು. ಆದರೆ ದೋಷಿ ಎಂದು 67 ಮಂದಿ ಹೇಳುವ ತನಕ ಆ ಎರಡನೇ ಮತದಾನ ನಡೆಯುವುದೇ ಇಲ್ಲ.