ವಿಮೋಚನಾ ಘೋಷಣೆ: ಯಾರ ಬಿಡುಗಡೆ, ಎಲ್ಲಿಯ ಬಿಡುಗಡೆ

ಅಮೆರಿಕದ ಹದಿನಾರನೆಯ ಅಧ್ಯಕ್ಷ ಅಬ್ರಹಾಂ ಲಿಂಕನ್ 1863ರ ಜನವರಿ 1ರಂದು ಸಹಿ ಹಾಕಿದ ಆದೇಶಪತ್ರವನ್ನು ಕನ್ನಡದಲ್ಲಿ ‘ವಿಮೋಚನಾ ಘೋಷಣೆ’ ಎಂದು ಕರೆಯುತ್ತಾರೆ. ಇಂಗ್ಲಿಷಿನ ‘ಎಮ್ಯಾನ್ಸಿಪೇಷನ್ ಪ್ರೊಕ್ಲಮೇಷನ್’ಗೆ ಇದು ಸರಿಯಾದ ಅನುವಾದವೇ. ಆದರೂ ಇದರಲ್ಲಿರುವ ಎರಡೂ ಪದಗಳು ಇಂದಿನ ಓದುಗರನ್ನು ಸ್ವಲ್ಪ ದಾರಿ ತಪ್ಪಿಸುತ್ತವೆ. ‘ಘೋಷಣೆ’ ಎಂದೊಡನೆ ನಮಗೆ ಮೆರವಣಿಗೆಯ ಕೂಗು ಅಥವಾ ಚುನಾವಣೆಯ ಕಾಲದ ಆಶ್ವಾಸನೆ ನೆನಪಾಗುತ್ತದೆ. ‘ವಿಮೋಚನೆ’ ಎಂದರೆ ಆ ದಿನವೇ ಗುಲಾಮಗಿರಿಯ ಕಥೆ ಮುಗಿಯಿತೆಂದು ತೋರುತ್ತದೆ. ಪತ್ರವನ್ನು ಓದಿದರೆ ಸಿಗುವುದು ಬೇರೆಯೇ: ಸ್ಪ್ರಿಂಗ್‌ಫೀಲ್ಡಿನ ನುರಿತ ವಕೀಲರೊಬ್ಬರು ಅಳೆದು ತೂಗಿ ಬರೆದ, ತನ್ನ ವ್ಯಾಪ್ತಿಯನ್ನು ತಾನೇ ಗೆರೆ ಕೊರೆದು ಹೇಳುವ ಯುದ್ಧಕಾಲದ ಹುಕುಂ.

ಮೊದಲು ಪದವನ್ನೇ ನೋಡೋಣ. ‘ಎಮ್ಯಾನ್ಸಿಪೇಷನ್’ ಎಂಬುದರ ಮೂಲ ರೋಮನ್ ಕಾನೂನಿನಲ್ಲಿದೆ. ತಂದೆಯ ಅಧಿಕಾರದಲ್ಲಿದ್ದ ಮಗನನ್ನು ಆ ಹಿಡಿತದಿಂದ ಬಿಡಿಸುವ ವಿಧಿಗೆ ಅಲ್ಲಿ ಆ ಹೆಸರಿತ್ತು, ಮತ್ತು ಲ್ಯಾಟಿನ್ ಪದದ ಒಡಲಲ್ಲಿ ‘ಕೈ’ ಎಂಬ ಅರ್ಥದ ಶಬ್ದವೊಂದು ಅಡಗಿದೆ. ‘ಮುಚ್’ ಧಾತುವಿನಿಂದ ಬಂದ ನಮ್ಮ ‘ವಿಮೋಚನೆ’ಯ ಅರ್ಥವೂ ಬಿಡಿಸುವುದು, ಕಳಚುವುದು ಎಂದೇ. ಎರಡೂ ಪದಗಳು ಹಿಡಿತದಲ್ಲಿರುವ ವ್ಯಕ್ತಿಯನ್ನು ಕುರಿತು ಮಾತನಾಡುತ್ತವೆಯೇ ಹೊರತು, ಹಿಡಿದಿಡುವ ಪದ್ಧತಿಯನ್ನು ಕುರಿತಲ್ಲ. ಪದ್ಧತಿಯನ್ನೇ ಇಲ್ಲವಾಗಿಸುವುದಕ್ಕೆ ‘ನಿರ್ಮೂಲನೆ’ ಎಂಬ ಬೇರೆ ಪದವಿದೆ. ಲಿಂಕನ್ 1863ರಲ್ಲಿ ಮಾಡಿದ್ದು ವಿಮೋಚನೆ. ನಿರ್ಮೂಲನೆ ಆದದ್ದು 1865ರಲ್ಲಿ, ಅದೂ ಅವರು ತೀರಿಕೊಂಡ ಮೇಲೆ. ಈ ಎರಡು ವರ್ಷಗಳ ಅಂತರವನ್ನು ನಮ್ಮ ಎಷ್ಟೋ ಬರಹಗಳು ಗಮನಿಸದೆ ದಾಟಿಬಿಡುತ್ತವೆ.

ಘೋಷಣೆಯ ಪ್ರಕಾರ ‘ಇಂದಿನಿಂದ ಸ್ವತಂತ್ರರು’ ಆದವರು ಒಕ್ಕೂಟದಿಂದ (ಅಮೆರಿಕ ಸಂಯುಕ್ತ ಸಂಸ್ಥಾನದಿಂದ) ಬೇರೆಯಾಗಿ ಅಂತರ್ಯುದ್ಧಕ್ಕಿಳಿದಿದ್ದ ದಕ್ಷಿಣದ ರಾಜ್ಯಗಳಲ್ಲಿ ದಂಗೆ ಎದ್ದಿದ್ದ ಪ್ರದೇಶಗಳ ಗುಲಾಮರು ಮಾತ್ರ. ಒಕ್ಕೂಟವನ್ನು ಬಿಟ್ಟುಹೋಗದ ಗುಲಾಮಗಿರಿಯ ರಾಜ್ಯಗಳಾದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್‌ಗಳಿಗೆ ಅದು ಅನ್ವಯಿಸಲಿಲ್ಲ. ಈ ನಾಲ್ಕರಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಗುಲಾಮರಿದ್ದರು. ದಂಗೆ ಎದ್ದಿದ್ದ ಟೆನೆಸಿಯ ಹೆಸರು ಪಟ್ಟಿಯಲ್ಲೇ ಇಲ್ಲ. ಒಕ್ಕೂಟದ ಸೇನೆ ಈಗಾಗಲೇ ವಶಪಡಿಸಿಕೊಂಡಿದ್ದ ಲೂಯಿಸಿಯಾನಾದ, ಜಿಲ್ಲೆಗಳಂಥ ಹದಿಮೂರು ಪ್ಯಾರಿಷ್‌ಗಳನ್ನೂ, ಮುಂದೆ ವೆಸ್ಟ್ ವರ್ಜೀನಿಯಾ ಆಗಲಿದ್ದ ನಲವತ್ತೆಂಟು ಕೌಂಟಿಗಳನ್ನೂ ಹೊರಗಿಡಲಾಗಿತ್ತು. ತನ್ನ ಅಧಿಕಾರ ನಡೆಯುವ ಬಹುತೇಕ ಕಡೆ ಬಿಡುಗಡೆ ಮಾಡದೆ, ನಡೆಯದ ಕಡೆ ಬಿಡುಗಡೆ ಸಾರಿದ್ದಾರೆಂದು ಆಗಿನ ಟೀಕಾಕಾರರು ಹಂಗಿಸಿದ್ದು ಇದನ್ನು ನೋಡಿಯೇ.

ಹಂಗಿಸುವುದು ಸುಲಭ; ಆದರೆ ಲಿಂಕನ್ ಹಾಗೆ ಬರೆದದ್ದಕ್ಕೆ ಗಟ್ಟಿ ಕಾರಣವಿತ್ತು. ಅಂದಿನ ಸಂವಿಧಾನದ ಪ್ರಕಾರ ಗುಲಾಮಗಿರಿ ಆಯಾ ರಾಜ್ಯದ ವಿಷಯವಾಗಿತ್ತು, ಅದನ್ನು ರದ್ದುಪಡಿಸುವ ಅಧಿಕಾರ ಅಧ್ಯಕ್ಷರಿಗಿರಲಿಲ್ಲ. ಕರಿಯರು ಅಮೆರಿಕದ ಪ್ರಜೆಗಳಾಗಲಾರರೆಂದು 1857ರ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ತೀರ್ಪು ಬರೆದಿದ್ದ ರೋಜರ್ ಟಾನಿ ಅವರೇ 1863ರಲ್ಲೂ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಆದರೆ ಸೇನೆಯ ಮಹಾದಂಡನಾಯಕನಾಗಿ ಶತ್ರುವಿನ ಬಲವನ್ನು ಕಸಿದುಕೊಳ್ಳುವ ಅಧಿಕಾರ ಅಧ್ಯಕ್ಷರಿಗಿತ್ತು. ದಕ್ಷಿಣದ ಹೊಲಗಳಲ್ಲಿ ದುಡಿದು ಸೈನಿಕರಿಗೆ ಅನ್ನ ಬೆಳೆಯುತ್ತಿದ್ದವರೂ, ಕಂದಕ ತೋಡಿ ಕೋಟೆ ಕಟ್ಟುತ್ತಿದ್ದವರೂ ಗುಲಾಮರೇ ಆಗಿದ್ದುದರಿಂದ, ಅವರನ್ನು ಬಿಡಿಸುವುದು ಯುದ್ಧಕ್ಕೆ ಅಗತ್ಯವಾದ ಕ್ರಮವೆಂದು ವಾದಿಸಬಹುದಿತ್ತು. ಶತ್ರುವಿನ ನೆಲದಲ್ಲಷ್ಟೇ ನಿಲ್ಲುವ ವಾದವನ್ನು ಕೆಂಟಕಿಗೂ ಹಿಗ್ಗಿಸಿದ್ದರೆ ಇಡೀ ಪತ್ರವೇ ನ್ಯಾಯಾಲಯದಲ್ಲಿ ಬಿದ್ದುಹೋಗುವ ಅಪಾಯವಿತ್ತು, ಕೆಂಟಕಿಯೂ ಕೈಬಿಟ್ಟುಹೋಗುವ ಭಯವಿತ್ತು. ಒಕ್ಕೂಟದ ಸೇನೆಯ ಜನರಲ್ ಫ್ರೀಮಾಂಟ್ 1861ರಲ್ಲಿ ಮಿಸೌರಿಯಲ್ಲಿ ದಂಗೆಕೋರರ ಗುಲಾಮರನ್ನು ಬಿಡುಗಡೆ ಮಾಡಿ ಹೊರಡಿಸಿದ ಆದೇಶವನ್ನು ಲಿಂಕನ್ ಹಿಂತೆಗೆಸಿದ್ದರ ಹಿಂದೆಯೂ ಇದೇ ಲೆಕ್ಕಾಚಾರವಿತ್ತು.

ಪತ್ರ ಹುಟ್ಟಿದ ಬಗೆಯೂ ಇಷ್ಟೇ ಎಚ್ಚರಿಕೆಯದು. 1862ರ ಜುಲೈ 22ರಂದು ಲಿಂಕನ್ ಅದರ ಕರಡನ್ನು ಸಚಿವ ಸಂಪುಟದ ಮುಂದೆ ಓದಿದಾಗ, ಸೋಲಿನ ಮೇಲೆ ಸೋಲು ಕಾಣುತ್ತಿರುವ ಹೊತ್ತಿನಲ್ಲಿ ಇದನ್ನು ಹೊರಡಿಸಿದರೆ ದಿಕ್ಕೆಟ್ಟ ಸರ್ಕಾರದ ಕೊನೆಯ ಕೂಗಿನಂತೆ ಕೇಳೀತು, ಒಂದು ಗೆಲುವಿಗಾಗಿ ಕಾಯಿರಿ ಎಂದು ವಿದೇಶಾಂಗ ಸಚಿವ ಸೀವರ್ಡ್ ಸಲಹೆ ಕೊಟ್ಟರು. ಕರಡು ಪೆಟ್ಟಿಗೆ ಸೇರಿತು. ಆಗಸ್ಟಿನಲ್ಲಿ ಸಂಪಾದಕ ಹೊರೇಸ್ ಗ್ರೀಲಿ ಅವರಿಗೆ ಬರೆದ ಬಹಿರಂಗ ಪತ್ರದಲ್ಲಿ, ಒಕ್ಕೂಟವನ್ನು ಉಳಿಸುವುದೇ ತಮ್ಮ ಗುರಿ, ಒಬ್ಬ ಗುಲಾಮನನ್ನೂ ಬಿಡಿಸದೆ ಅದು ಸಾಧ್ಯವಾದರೆ ಹಾಗೆಯೇ ಮಾಡುವೆನೆಂದು ಲಿಂಕನ್ ಹೇಳಿದರು. ಅವರಿಗೆ ಗುಲಾಮರ ಬಗ್ಗೆ ಕಾಳಜಿಯೇ ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಈ ಮಾತನ್ನು ಮತ್ತೆ ಮತ್ತೆ ಎತ್ತಿ ಹೇಳುವವರು, ಆ ಹೊತ್ತಿಗೆ ಕರಡು ಸಿದ್ಧವಾಗಿ ಕೂತಿತ್ತೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಸೆಪ್ಟೆಂಬರ್ 17ರಂದು ಆ್ಯಂಟೀಟಮ್ ತೊರೆಯ ಬಳಿ ನಡೆದ ಕಾಳಗದಲ್ಲಿ ಒಂದೇ ದಿನ ಎರಡೂ ಕಡೆ ಸೇರಿ ಸುಮಾರು 23,000 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಪೂರ್ಣ ಗೆಲುವಲ್ಲದಿದ್ದರೂ ದಕ್ಷಿಣದ ದಂಡನಾಯಕ ಲೀ ಹಿಂದೆ ಸರಿದದ್ದು ಸಾಕಾಯಿತು. ಐದು ದಿನಗಳ ಬಳಿಕ ಹೊರಟ ಪೂರ್ವಭಾವಿ ಘೋಷಣೆ, ಒಕ್ಕೂಟಕ್ಕೆ ಮರಳಲು ದಂಗೆಕೋರ ರಾಜ್ಯಗಳಿಗೆ ವರ್ಷದ ಕೊನೆಯವರೆಗೆ ಗಡುವು ಕೊಟ್ಟಿತು. ಯಾವ ರಾಜ್ಯವೂ ಮರಳಲಿಲ್ಲ.

ಸೆಪ್ಟೆಂಬರಿನ ಪತ್ರಕ್ಕೂ ಜನವರಿಯ ಪತ್ರಕ್ಕೂ ಇರುವ ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ. ಬಿಡುಗಡೆಯಾದವರನ್ನು, ಅವರು ಒಪ್ಪಿದರೆ, ಬೇರೆಡೆ ಕರೆದೊಯ್ದು ನೆಲೆಗೊಳಿಸುವ ಪ್ರಸ್ತಾಪ ಮೊದಲನೆಯದರಲ್ಲಿತ್ತು. ಕರಿಯರೂ ಬಿಳಿಯರೂ ಒಂದೇ ನೆಲದಲ್ಲಿ ಸಮಾನರಾಗಿ ಬಾಳಬಲ್ಲರೆಂಬ ನಂಬಿಕೆ ಲಿಂಕನ್ನರಿಗೆ ಅಲ್ಲಿಯವರೆಗೂ ಬಲವಾಗಿರಲಿಲ್ಲ. ಅಂತಿಮ ಪತ್ರದಲ್ಲಿ ಆ ಪ್ರಸ್ತಾಪ ಇಲ್ಲ. ಅದರ ಬದಲು, ಬಿಡುಗಡೆಯಾದವರನ್ನು ಸೇನೆಗೂ ನೌಕಾಪಡೆಗೂ ಸೇರಿಸಿಕೊಳ್ಳಲಾಗುವುದೆಂಬ ಸಾಲು ಬಂದಿದೆ. ಯುದ್ಧ ಮುಗಿಯುವ ವೇಳೆಗೆ ಸುಮಾರು 1,80,000 ಕರಿಯರು ಒಕ್ಕೂಟದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದರು. ಸೇನೆ ಮುಂದುವರಿದಷ್ಟೂ ಘೋಷಣೆಯ ನೆಲ ವಿಸ್ತರಿಸಿತು, ಮತ್ತು ಆ ಸೇನೆಯಲ್ಲಿ ಬಿಡುಗಡೆ ಪಡೆದವರೇ ಬಂದೂಕು ಹಿಡಿದು ನಡೆದಿದ್ದರು.

ಹೊರನಾಡುಗಳಲ್ಲೂ ಇದರ ಪರಿಣಾಮವಾಯಿತು. ಇಂಗ್ಲೆಂಡಿನ ಲ್ಯಾಂಕಷೈರಿನ ಬಟ್ಟೆ ಗಿರಣಿಗಳು ದಕ್ಷಿಣದ ಹತ್ತಿಯಿಲ್ಲದೆ ನಿಂತಿದ್ದವು. ದಕ್ಷಿಣಕ್ಕೆ ಮಾನ್ಯತೆ ಕೊಡುವ ಮಾತು ಬ್ರಿಟನ್ನಿನಲ್ಲಿ ಕೇಳಿಬರುತ್ತಿತ್ತು. ಯುದ್ಧ ಗುಲಾಮಗಿರಿಯ ವಿರುದ್ಧ ಎಂದಾದ ಮೇಲೆ ಗುಲಾಮಗಿರಿಯ ಪರ ನಿಲ್ಲುವುದು ಅಲ್ಲಿನ ಸರ್ಕಾರಕ್ಕೆ ಕಷ್ಟವಾಯಿತು. (ಇದೇ ಹತ್ತಿಯ ಬರ ಧಾರವಾಡದ ಹತ್ತಿಗೆ ಒಮ್ಮೆಲೇ ಬೇಡಿಕೆ ತಂದಿತು, ಕಾರವಾರ ಬಂದರನ್ನು ಬೆಳೆಸುವ ಉತ್ಸಾಹಕ್ಕೂ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೂ ಹತ್ತಿ ಸಾಗಣೆಯ ಲೆಕ್ಕಾಚಾರವೇ ಹಿನ್ನೆಲೆಯಾಗಿತ್ತು.)

ಯುದ್ಧಕಾಲದ ಆದೇಶ ಯುದ್ಧದೊಂದಿಗೇ ಬಿದ್ದುಹೋಗಬಹುದೆಂಬುದು ಲಿಂಕನ್ನರಿಗೆ ಗೊತ್ತಿತ್ತು. ಆದ್ದರಿಂದಲೇ 1864ರಲ್ಲಿ ಮರುಆಯ್ಕೆಯಾದ ಮೇಲೆ ಅವರು ಗುಲಾಮಗಿರಿಯನ್ನೇ ನಿರ್ಮೂಲಗೊಳಿಸುವ, ಸಂವಿಧಾನದ ಹದಿಮೂರನೆಯ ತಿದ್ದುಪಡಿಗಾಗಿ ಪಟ್ಟುಹಿಡಿದರು. 1865ರ ಜನವರಿ 31ರಂದು ಪ್ರತಿನಿಧಿ ಸಭೆ ಅದನ್ನು ಒಪ್ಪಿತು. ಏಪ್ರಿಲ್ 14ರ ರಾತ್ರಿ ಲಿಂಕನ್ನರಿಗೆ ಗುಂಡು ಬಿತ್ತು, ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು. ಘೋಷಣೆಯ ಸುದ್ದಿಯನ್ನು ಸೇನೆ ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿಗೆ ಮುಟ್ಟಿಸಿದ್ದು ಆ ವರ್ಷದ ಜೂನ್ 19ರಂದು; ‘ಜೂನ್‌ಟೀನ್ತ್’ ಎಂಬ ಹೆಸರಿನ ಆ ದಿನ 2021ರಿಂದ ಅಮೆರಿಕದ ರಾಷ್ಟ್ರೀಯ ರಜಾದಿನವಾಗಿದೆ. ತಿದ್ದುಪಡಿ ಜಾರಿಗೆ ಬಂದದ್ದು ಡಿಸೆಂಬರಿನಲ್ಲಿ. ಲಿಂಕನ್ ಹುಟ್ಟಿದ ರಾಜ್ಯವಾದ ಕೆಂಟಕಿಯ ಗುಲಾಮರಿಗೆ ಕಾನೂನಿನ ಪ್ರಕಾರ ಬಿಡುಗಡೆ ಸಿಕ್ಕಿದ್ದು ಆಗಲೇ.