ನೆರೆಮನೆಯ ದಂಗೆಗೆ ಒಂದು ವಾರದ ಗಡುವು

2023ರ ಆಗಸ್ಟ್ 6, ಭಾನುವಾರ. ನೈಜರ್ ರಾಜಧಾನಿ ನಿಯಾಮೆಯ ಕ್ರೀಡಾಂಗಣದಲ್ಲಿ ಸಾವಿರಾರು ಜನ ಸೇರಿ ಸೇನೆಗೆ ಜೈಕಾರ ಹಾಕುತ್ತಿದ್ದರು. 11 ದಿನಗಳ ಹಿಂದಷ್ಟೇ ಅಧ್ಯಕ್ಷ ಮೊಹಮದ್ ಬಜೂಮ್ ಅವರನ್ನು ಅವರದೇ ಅಂಗರಕ್ಷಕ ಪಡೆ ಕೂಡಿಹಾಕಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಆ ಪಡೆಯ ಮುಖ್ಯಸ್ಥ ಜನರಲ್ ಅಬ್ದುರಹಮಾನ್ ಚಿಯಾನಿಯೇ ಗದ್ದುಗೆ ಏರಿದ್ದರು. ಒಂದು ವಾರದೊಳಗೆ ಬಜೂಮ್‌ಗೆ ಅಧಿಕಾರ ಮರಳಿಸದಿದ್ದರೆ ಬಲಪ್ರಯೋಗಕ್ಕೂ ಹಿಂಜರಿಯುವುದಿಲ್ಲ ಎಂದು ನೆರೆ ರಾಷ್ಟ್ರಗಳ ನಾಯಕರು ನೈಜೀರಿಯಾ ರಾಜಧಾನಿ ಅಬುಜಾದಲ್ಲಿ ಕೂತು ಎಚ್ಚರಿಸಿದ್ದರು. ಆ ಗಡುವು ಮುಗಿಯುವ ದಿನ ಅದು.

ಕ್ರೀಡಾಂಗಣಕ್ಕೆ ಇಟ್ಟಿರುವ ಹೆಸರು ಸೈನಿ ಕೂಂಚೆಯದು. ಈ ಕೂಂಚೆ 1974ರಲ್ಲಿ ದಂಗೆ ಎದ್ದು ಅಧಿಕಾರ ಹಿಡಿದ ಸೇನಾಧಿಕಾರಿ. ಮರುವರ್ಷ ಅವರ ಆಳ್ವಿಕೆಯಲ್ಲಿದ್ದ ನೈಜರ್, ಈಗ ಗಡುವು ಕೊಟ್ಟಿರುವ ಸಂಘಟನೆಯ ಸ್ಥಾಪಕ ಸದಸ್ಯ ರಾಷ್ಟ್ರವಾಯಿತು. ಪಶ್ಚಿಮ ಆಫ್ರಿಕಾದ ರಾಜಕಾರಣದಲ್ಲಿ ಇಂಥ ತಮಾಷೆಗಳಿಗೆ ಬರವಿಲ್ಲ.

ಆ ಸಂಘಟನೆಯೇ ಎಕೊವಾಸ್, ಅಂದರೆ ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಆರ್ಥಿಕ ಸಮುದಾಯ. 1975ರ ಮೇ 28ರಂದು ಲಾಗೋಸ್‌ನಲ್ಲಿ 15 ರಾಷ್ಟ್ರಗಳು ಒಪ್ಪಂದಕ್ಕೆ ಸಹಿ ಹಾಕಿದಾಗ ಅವುಗಳಲ್ಲಿ ನೈಜೀರಿಯಾ, ಘಾನಾ, ಟೋಗೊ, ಮಾಲಿ, ನೈಜರ್, ಡಹೋಮಿ (ಈಗಿನ ಬೆನಿನ್), ಅಪ್ಪರ್ ವೋಲ್ಟಾ (ಈಗಿನ ಬುರ್ಕಿನಾ ಫಾಸೊ) ಇಷ್ಟನ್ನೂ ಆಳುತ್ತಿದ್ದವರು ಸೇನೆಯವರೇ. ಮುಂದೆ ನಿಂತು ಒಪ್ಪಂದ ಮಾಡಿಸಿದವರು ನೈಜೀರಿಯಾದ ಯಾಕುಬು ಗೋವನ್ ಮತ್ತು ಟೋಗೊದ ಎಯಡೆಮಾ. ಸಹಿಯ ಶಾಯಿ ಒಣಗಿ ಎರಡು ತಿಂಗಳಾಗಿತ್ತು, ಅಷ್ಟೆ. ಉಗಾಂಡದ ರಾಜಧಾನಿ ಕಂಪಾಲಾದಲ್ಲಿ ಆಫ್ರಿಕನ್ ಏಕತಾ ಸಂಘಟನೆಯ ಶೃಂಗಸಭೆಗೆ ಹೋಗಿದ್ದ ಗೋವನ್‌ಗೆ, ತವರಿನಲ್ಲಿ ತನ್ನನ್ನು ಕೆಳಗಿಳಿಸಿದ ಸುದ್ದಿ ಅಲ್ಲೇ ಸಿಕ್ಕಿತು.

ಹೆಸರಿನಲ್ಲೇ ಇರುವಂತೆ ಅದು ಸುಂಕ, ರಸ್ತೆ, ವ್ಯಾಪಾರ, ವೀಸಾ ಇಲ್ಲದ ಓಡಾಟಕ್ಕೆಂದು ಹುಟ್ಟಿದ ಕೂಟ. ನೆರೆಯವನ ಮನೆಯ ಜಗಳ ಬಿಡಿಸುವುದು ಅದರ ಕೆಲಸವಾಗಿರಲಿಲ್ಲ. ಅಡಿಸ್ ಅಬಾಬಾದಲ್ಲಿ 1963ರಲ್ಲಿ ಹುಟ್ಟಿದ ಏಕತಾ ಸಂಘಟನೆಯ ಸನ್ನದಿನಲ್ಲಿ, ಇನ್ನೊಂದು ದೇಶದ ಆಂತರಿಕ ವಿಚಾರಕ್ಕೆ ಕೈ ಹಾಕಬಾರದೆಂಬುದು ಮೂಲ ಮಂತ್ರ. ವಸಾಹತು ಆಡಳಿತದಿಂದ ಆಗಷ್ಟೇ ಬಿಡಿಸಿಕೊಂಡವರಿಗೆ ಆ ಮಂತ್ರ ಬೇಕಾಗಿತ್ತು ನಿಜ. ಆದರೆ ಅದರ ನೆರಳಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್‌ನಂಥವನೂ ತಣ್ಣಗೆ ಕೂತಿದ್ದ. ಗೋವನ್ ಪದವಿ ಕಳೆದುಕೊಂಡ ಆ ಕಂಪಾಲಾ ಸಭೆಯ ಆತಿಥೇಯ ಅವನೇ.

ಎಕೊವಾಸ್ ಆ ಮಂತ್ರವನ್ನು ಮೊದಲು ಮುರಿದದ್ದು ಲೈಬೀರಿಯಾದಲ್ಲಿ. ಆ ಕಥೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಮುಂದಿನ ಎಲ್ಲ ಗೊಂದಲಗಳ ಬೀಜ ಅಲ್ಲಿದೆ.

1980ರ ಏಪ್ರಿಲ್ 12ರಂದು ಸ್ಯಾಮ್ಯುಯೆಲ್ ಡೋ ಎಂಬ ಸಾರ್ಜೆಂಟ್‌ನ ಗುಂಪು ಅಧ್ಯಕ್ಷ ವಿಲಿಯಂ ಟಾಲ್ಬರ್ಟ್‌ರನ್ನು ಅವರ ಭವನದಲ್ಲೇ ಕೊಂದಿತು. ಏಕತಾ ಸಂಘಟನೆಗೆ ಆಗ ಅಧ್ಯಕ್ಷರಾಗಿದ್ದವರೂ ಈ ಟಾಲ್ಬರ್ಟ್ ಅವರೇ. ಅವರ ಮಗನಿಗೂ ಅದೇ ಗತಿಯಾಯಿತು. ಆ ಮಗನ ಹೆಂಡತಿಯನ್ನು ಸಾಕಿದ್ದವರು ಪಕ್ಕದ ಐವರಿ ಕೋಸ್ಟ್‌ನ ಅಧ್ಯಕ್ಷ ಫೆಲಿಕ್ಸ್ ಊಫುವೆ-ಬ್ವಾನಿ. ಡೋನ ಮೇಲಿನ ಅವರ ಸಿಟ್ಟು ಆರಲಿಲ್ಲ. 1989ರ ಕ್ರಿಸ್‌ಮಸ್ ಮುನ್ನಾದಿನ ಚಾರ್ಲ್ಸ್ ಟೇಲರ್‌ನ ಬಂಡುಕೋರರು ಲೈಬೀರಿಯಾಕ್ಕೆ ನುಗ್ಗಿದ್ದು ಐವರಿ ಕೋಸ್ಟ್‌ನ ಗಡಿಯಿಂದಲೇ. ಬೆನ್ನಿಗೆ ಬುರ್ಕಿನಾ ಫಾಸೊದ ಬ್ಲೇಸ್ ಕಂಪಾವೊರೆ ಇದ್ದರು. ಇತ್ತ ನೈಜೀರಿಯಾದ ಸೇನಾಡಳಿತಗಾರ ಇಬ್ರಾಹಿಂ ಬಬಂಗಿಡಾ ಡೋಗೆ ಆಪ್ತರು. ಹೊರಗಿನವರಿಗೆ ಕಂಡದ್ದು ಅಂತರ್ಯುದ್ಧ. ಒಳಗೆ ಅದು ಅಧ್ಯಕ್ಷರುಗಳ ಬೀಗತನ, ಗೆಳೆತನ, ಹಗೆತನಗಳ ಲೆಕ್ಕಾಚಾರವೂ ಆಗಿತ್ತು.

1990ರ ಆಗಸ್ಟ್ 24ರಂದು ಎಕೊವಾಸ್ ಪಡೆ ಲೈಬೀರಿಯಾ ರಾಜಧಾನಿ ಮನ್ರೋವಿಯಾದ ಬಂದರಿಗೆ ಇಳಿಯಿತು. ಹೆಸರು ಎಕೊಮಾಗ್. ನೈಜೀರಿಯಾ, ಘಾನಾ, ಗಿನಿ, ಸಿಯೆರಾ ಲಿಯೋನ್, ಗ್ಯಾಂಬಿಯಾ ಸೈನಿಕರನ್ನು ಕೊಟ್ಟವು. ಬುರ್ಕಿನಾ ಫಾಸೊ ಬಹಿರಂಗವಾಗಿಯೇ ವಿರೋಧಿಸಿತು. ಇಳಿದು ಮೂರು ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 9ರಂದು, ಎಕೊಮಾಗ್ ಕೇಂದ್ರ ಕಚೇರಿಗೆ ಬಂದ ಡೋನನ್ನು ಇನ್ನೊಂದು ಬಂಡುಕೋರ ಬಣದ ಪ್ರಿನ್ಸ್ ಜಾನ್ಸನ್‌ನ ಕಡೆಯವರು ಅಲ್ಲಿಂದಲೇ ಎಳೆದೊಯ್ದು ಹಿಂಸಿಸಿ ಕೊಂದರು. ಅದನ್ನು ಚಿತ್ರೀಕರಿಸಿಯೂ ಇಟ್ಟರು. ಶಾಂತಿ ಕಾಯಲು ಬಂದವರ ಅಂಗಳದಲ್ಲೇ ಒಬ್ಬ ಅಧ್ಯಕ್ಷ ಸೆರೆಯಾದ. ಜಾನ್ಸನ್ ಮುಂದೆ ಸೆನೆಟರ್ ಆಗಿ, 2024ರಲ್ಲಿ ಸಾಯುವವರೆಗೂ ಆ ಸ್ಥಾನದಲ್ಲಿದ್ದರು.

ಎಕೊಮಾಗ್ ರಾಜಧಾನಿಯನ್ನು ಟೇಲರ್‌ನ ಕೈಗೆ ಬೀಳದಂತೆ ಉಳಿಸಿತು. ಜತೆಗೆ ಲೂಟಿಯನ್ನೂ ಮಾಡಿತು. ಲೈಬೀರಿಯಾದ ಜನ ಅದರ ಹೆಸರಿನ ಅಕ್ಷರಗಳನ್ನೇ ಬಿಡಿಸಿ 'ಎವೆರಿ ಕಾರ್ ಆರ್ ಮೂವಿಂಗ್ ಆಬ್ಜೆಕ್ಟ್ ಗಾನ್' ಎಂದು ಆಡಿಕೊಂಡರು. ಕಾರಿರಲಿ, ಉರುಳುವ ಇನ್ನೇನೇ ಇರಲಿ, ಎಲ್ಲ ಮಾಯ ಎಂದರ್ಥ. ಏಳು ವರ್ಷಗಳ ನಂತರ, 1997ರ ಜುಲೈನಲ್ಲಿ ಚುನಾವಣೆ ನಡೆದಾಗ ಸುಮಾರು ಮುಕ್ಕಾಲು ಪಾಲು ಮತ ಪಡೆದು ಗೆದ್ದವನು ಯಾರು? ಅದೇ ಟೇಲರ್. ಅವನು ಸೋತರೆ ಮತ್ತೆ ಬಂದೂಕು ಹಿಡಿಯುತ್ತಾನೆಂಬ ಭಯ ಜನರಿಗೆ.

ಅದೇ ವರ್ಷ ಸಿಯೆರಾ ಲಿಯೋನ್‌ನಲ್ಲಿ ಚುನಾಯಿತ ಅಧ್ಯಕ್ಷ ಅಹ್ಮದ್ ತೆಜಾನ್ ಕಬ್ಬಾ ದಂಗೆಯಲ್ಲಿ ಅಧಿಕಾರ ಕಳೆದುಕೊಂಡು ದೇಶ ಬಿಟ್ಟರು. 1998ರ ಫೆಬ್ರವರಿಯಲ್ಲಿ ನೈಜೀರಿಯಾ ಮುಂದಾಳತ್ವದ ಪಡೆ ದಂಗೆಕೋರರನ್ನು ರಾಜಧಾನಿ ಫ್ರೀಟೌನ್‌ನಿಂದ ಓಡಿಸಿತು, ಕಬ್ಬಾ ಮರಳಿದರು. ಪಕ್ಕದ ಮನೆಯಲ್ಲಿ ಪ್ರಜಾಪ್ರಭುತ್ವ ನೆಲೆಗೊಳಿಸಿದ ಆ ನೈಜೀರಿಯಾವನ್ನು ಆಳುತ್ತಿದ್ದವರು ಜನರಲ್ ಸಾನಿ ಅಬಾಚಾ. ಚುನಾವಣೆಯಲ್ಲಿ ಗೆದ್ದಿದ್ದ ಅಬಿಯೋಲಾ ಅದೇ ಹೊತ್ತಿಗೆ ಅವರ ಜೈಲಿನಲ್ಲಿದ್ದರು. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! (ಇದೇ ಸಿಯೆರಾ ಲಿಯೋನ್‌ಗೆ ಮುಂದೆ ವಿಶ್ವಸಂಸ್ಥೆಯ ಪಡೆ ಬಂತು. 2000ದ ಜುಲೈನಲ್ಲಿ ಕೈಲಾಹುನ್‌ನಲ್ಲಿ ಬಂಡುಕೋರರ ಮುತ್ತಿಗೆಗೆ ಸಿಕ್ಕಿದ್ದ ಭಾರತೀಯ ಯೋಧರನ್ನು ಬಿಡಿಸಿಕೊಂಡ ಕಾರ್ಯಾಚರಣೆ 'ಆಪರೇಷನ್ ಖುಕ್ರಿ' ನಮ್ಮ ಕೆಲವರಿಗಾದರೂ ನೆನಪಿರಬಹುದು.)

ಇಷ್ಟು ರಕ್ತ ಹರಿದ ಮೇಲೆ ಎಕೊವಾಸ್‌ಗೆ ಕಾನೂನು ಬಂತು. 1999ರ ಡಿಸೆಂಬರ್‌ನಲ್ಲಿ ಸಂಘರ್ಷ ತಡೆಯುವ ವ್ಯವಸ್ಥೆಗೆ ಒಂದು ಒಪ್ಪಂದ, 2001ರ ಡಿಸೆಂಬರ್‌ನಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಇನ್ನೊಂದು. ಸಂವಿಧಾನ ಮೀರಿ ಯಾರು ಅಧಿಕಾರ ಹಿಡಿದರೂ ಸಹಿಸುವುದಿಲ್ಲ ಎಂಬುದು ಅದರ ತಿರುಳು. ಹಸ್ತಕ್ಷೇಪ ಬೇಡ ಎನ್ನುತ್ತಿದ್ದ ಏಕತಾ ಸಂಘಟನೆಯ ಜಾಗಕ್ಕೆ 2002ರಲ್ಲಿ ಆಫ್ರಿಕನ್ ಒಕ್ಕೂಟ ಬಂದಾಗ, ಯುದ್ಧಾಪರಾಧ, ನರಮೇಧ ನಡೆದರೆ ಸದಸ್ಯ ರಾಷ್ಟ್ರದೊಳಗೆ ಪ್ರವೇಶಿಸುವ ಹಕ್ಕನ್ನು ಅದರ ಸಂವಿಧಾನವೇ ಕೊಟ್ಟಿತು. ಕಾಗದದ ಮೇಲೆ ಇಷ್ಟು ಗಟ್ಟಿ ನಿಯಮ ಬೇರೆ ಖಂಡಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಈ ನಿಯಮಗಳು ಅಂದುಕೊಂಡಂತೆ ಕೆಲಸ ಮಾಡಿದ್ದು ಗ್ಯಾಂಬಿಯಾದಲ್ಲಿ. 1994ರ ದಂಗೆಯಿಂದ ಬಂದ ಯಾಹ್ಯಾ ಜಾಮೆ 2016ರ ಡಿಸೆಂಬರ್ 1ರ ಚುನಾವಣೆಯಲ್ಲಿ ಆಡಾಮ ಬ್ಯಾರೊ ಎದುರು ಸೋತರು. ಮೊದಲು ಟಿ.ವಿ.ಯಲ್ಲಿ ನಗುನಗುತ್ತಾ ಸೋಲೊಪ್ಪಿದರು. ಒಂದು ವಾರ ಕಳೆದು, ಫಲಿತಾಂಶ ಒಪ್ಪುವುದಿಲ್ಲ ಎಂದರು. ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್, ನೈಜೀರಿಯಾದ ಬುಹಾರಿ, ಸಿಯೆರಾ ಲಿಯೋನ್‌ನ ಕೊರೊಮಾ, ಘಾನಾದ ಮಹಾಮಾ ಗ್ಯಾಂಬಿಯಾ ರಾಜಧಾನಿ ಬಾಂಜುಲ್‌ಗೆ ಹೋಗಿ ಬುದ್ಧಿ ಹೇಳಿದರು. ಮಹಾಮಾ ಕೆಲವೇ ದಿನಗಳ ಹಿಂದೆ ತಮ್ಮ ದೇಶದಲ್ಲಿ ಸೋತು, ಸೋಲನ್ನು ಒಪ್ಪಿಕೊಂಡೇ ಬಂದಿದ್ದರು. ಆ ನಿಯೋಗದಲ್ಲಿ ಅವರಿಗಿಂತ ಯೋಗ್ಯ ಮಾತುಗಾರ ಇರಲಿಕ್ಕಿಲ್ಲ. ಜಾಮೆ ಜಗ್ಗಲಿಲ್ಲ.

2017ರ ಜನವರಿ 19ರಂದು ಬ್ಯಾರೊ ಪ್ರಮಾಣವಚನ ತೆಗೆದುಕೊಂಡದ್ದು ಸೆನೆಗಲ್ ರಾಜಧಾನಿ ಡಾಕಾರ್‌ನಲ್ಲಿರುವ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲಿ. ಅದೇ ದಿನ ಎಕೊವಾಸ್ ಪಡೆ ಗಡಿ ದಾಟಿತು. ಗಿನಿಯ ಅಧ್ಯಕ್ಷ ಆಲ್ಫಾ ಕೊಂಡೆ, ಮಾರಿಟೇನಿಯಾದ ಅಧ್ಯಕ್ಷ ಅಬ್ದೆಲ್ ಅಜೀಜ್ ಕೊನೆಯ ಸಂಧಾನ ನಡೆಸಿದರು. ಜನವರಿ 21ರ ರಾತ್ರಿ ಜಾಮೆ ವಿಮಾನ ಹತ್ತಿದರು. ಗುಂಡಿನ ಕಾಳಗವೇ ನಡೆಯಲಿಲ್ಲ ಎನ್ನಬಹುದು.

ಇದನ್ನೇ ಮಾದರಿ ಎಂದು ಎಷ್ಟೋ ಜನ ಬರೆದರು. ನನಗೆ ಹಾಗನ್ನಿಸುವುದಿಲ್ಲ. ಗ್ಯಾಂಬಿಯಾ ಒಂದು ನದಿಯ ಎರಡೂ ದಡಕ್ಕೆ ಅಂಟಿಕೊಂಡ ಪುಟ್ಟ ದೇಶ, ಮೂರು ಕಡೆ ಸೆನೆಗಲ್, ಒಂದು ಕಡೆ ಕಡಲು. ಗೆದ್ದ ಅಭ್ಯರ್ಥಿ ಕಣ್ಣೆದುರಿಗಿದ್ದ, ಸೇನೆಗೆ ಜಾಮೆಗಾಗಿ ಸಾಯುವ ಹುಮ್ಮಸ್ಸಿರಲಿಲ್ಲ, ಜಾಮೆಗೆ ನೆರೆಯಲ್ಲಿ ಸ್ನೇಹಿತರಿರಲಿಲ್ಲ. ಇಷ್ಟೂ ಒಟ್ಟಿಗೆ ಕೂಡಿಬರುವುದು ಅಪರೂಪ.

ನಿಯಮದೊಳಗೇ ಒಂದು ದೊಡ್ಡ ತೂತೂ ಇತ್ತು. ಬಂದೂಕು ಹಿಡಿದು ಬರುವವನಿಗೆ ಬಾಗಿಲು ಮುಚ್ಚಿತ್ತು. ಒಳಗೆ ಕೂತು ಪೆನ್ನಿನಿಂದ ಸಂವಿಧಾನ ತಿದ್ದುವವನನ್ನು ಕೇಳುವವರಿರಲಿಲ್ಲ. 2015ರಲ್ಲಿ ಆಕ್ರಾ ಶೃಂಗಸಭೆಯಲ್ಲಿ, ಯಾವ ಅಧ್ಯಕ್ಷರೂ ಎರಡು ಅವಧಿಗಿಂತ ಹೆಚ್ಚು ಆಳಬಾರದೆಂಬ ಪ್ರಸ್ತಾಪ ಬಂದಾಗ ಗ್ಯಾಂಬಿಯಾ ಮತ್ತು ಟೋಗೊ ಒಪ್ಪಲಿಲ್ಲ, ವಿಷಯ ಅಲ್ಲಿಗೇ ನಿಂತಿತು. ಟೋಗೊದಲ್ಲಿ 2005ರಲ್ಲಿ ಎಯಡೆಮಾ ತೀರಿಕೊಂಡಾಗ ಸೇನೆ ಮಗ ಫೋರೆಯನ್ನು ಪಟ್ಟಕ್ಕೇರಿಸಿತ್ತು. ಎಕೊವಾಸ್ ಗದರಿತು, ಮಗ ಇಳಿದರು, ಎರಡೇ ತಿಂಗಳಲ್ಲಿ ಚುನಾವಣೆ ಗೆದ್ದು ಮತ್ತೆ ಏರಿದರು. ಇಂದಿಗೂ ಇಳಿದಿಲ್ಲ. ಜಾಮೆಯ ಮನವೊಲಿಸಿದ್ದ ಅದೇ ಆಲ್ಫಾ ಕೊಂಡೆ 2020ರಲ್ಲಿ ಸಂವಿಧಾನ ಬದಲಿಸಿ ಮೂರನೆಯ ಅವಧಿಗೆ ನಿಂತರು. ಐವರಿ ಕೋಸ್ಟ್‌ನ ಅಲಸಾನ್ ವತಾರಾ ಕೂಡ ನಿಂತರು. ಎಕೊವಾಸ್ ನೋಡುತ್ತಾ ಕೂತಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಕೊಂಡೆಯನ್ನು ಸೈನಿಕರು ಎತ್ತಿಹಾಕಿದಾಗ ಕೊನಾಕ್ರಿಯ ಬೀದಿಗಳಲ್ಲಿ ಜನ ಕುಣಿದರು.

2020ರಿಂದ ಮಾಲಿಯಲ್ಲಿ ಎರಡು ದಂಗೆ, ಗಿನಿಯಲ್ಲಿ ಒಂದು, ಬುರ್ಕಿನಾ ಫಾಸೊದಲ್ಲಿ ಎರಡು. ನೈಜೀರಿಯಾದ ಬೋಲಾ ಟಿನುಬು 2023ರ ಜುಲೈನಲ್ಲಿ ಎಕೊವಾಸ್ ಅಧ್ಯಕ್ಷಗಿರಿ ವಹಿಸಿಕೊಂಡಾಗ ಇನ್ನೊಂದು ದಂಗೆ ಆಗಗೊಡುವುದಿಲ್ಲ ಎಂಬ ಹುರುಪಿನಲ್ಲಿದ್ದರು. ಮೂರು ವಾರ ಕೂಡ ಕಳೆದಿರಲಿಲ್ಲ, ನೈಜರ್ ಉರುಳಿತು.

ಗಡುವಿನ ಜತೆ ನಿರ್ಬಂಧಗಳೂ ಬಂದವು. ನೈಜರ್ ಬಳಸುವ ವಿದ್ಯುತ್ತಿನಲ್ಲಿ ಸುಮಾರು ಶೇ 70ರಷ್ಟು ಬರುತ್ತಿದ್ದದ್ದು ನೈಜೀರಿಯಾದಿಂದ. ಆ ತಂತಿ ಕಡಿತವಾಯಿತು. ಗಡಿ ಮುಚ್ಚಿತು. ಬೆನಿನ್‌ನ ಮಾಲಾನ್‌ವಿಲ್ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ಬಿಸಿ ತಟ್ಟಿದ್ದು ಜನರಲ್‌ಗಳಿಗಲ್ಲ, ಜನರಿಗೆ. ನೈಜರ್-ನೈಜೀರಿಯಾ ಗಡಿಯ ಎರಡೂ ಬದಿಯಲ್ಲಿರುವವರು ಹೌಸಾ ಮಾತಾಡುವ ಒಂದೇ ಬಳಗದವರು. ಹೆಣ್ಣು ಕೊಟ್ಟು ತಂದುಕೊಂಡ, ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವ ಊರುಗಳು. ಅಲ್ಲಿಗೆ ಟ್ಯಾಂಕ್ ಕಳಿಸುವುದೆಂದರೇನು ಎಂದು ಉತ್ತರ ನೈಜೀರಿಯಾದ ಮುಖಂಡರೇ ಟಿನುಬುಗೆ ಕೇಳಿದರು, ಸೆನೆಟ್ ಕೂಡ ಯುದ್ಧ ಬೇಡವೆಂದಿತು. ನೈಜರ್ ಮೇಲೆ ಕೈ ಹಾಕಿದರೆ ತಮ್ಮ ಮೇಲೆಯೇ ಯುದ್ಧ ಸಾರಿದಂತೆ ಎಂದು ಮಾಲಿ, ಬುರ್ಕಿನಾ ಫಾಸೊ ಗುಡುಗಿದವು. ಗಡುವು ಕಳೆಯಿತು. ಸೈನ್ಯ ಹೊರಡಲಿಲ್ಲ.

ಸೆಪ್ಟೆಂಬರ್ 16ರಂದು ಆ ಮೂರು ದೇಶಗಳು ಸಾಹೇಲ್ (ಸಹಾರಾ ಮರುಭೂಮಿಯ ದಕ್ಷಿಣದ ಅಂಚು) ರಾಷ್ಟ್ರಗಳ ಮೈತ್ರಿಕೂಟ ಕಟ್ಟಿಕೊಂಡವು. 2024ರ ಜನವರಿಯಲ್ಲಿ ಎಕೊವಾಸ್ ಬಿಡುತ್ತೇವೆಂದವು. ಆಗ ಮುದುಕ ಗೋವನ್, 89ರ ವಯಸ್ಸಿನಲ್ಲಿ, ನಿರ್ಬಂಧ ತೆಗೆಯಿರಿ, ಕೂಟ ಒಡೆಯಬೇಡಿ ಎಂದು ನಾಯಕರಿಗೆ ಪತ್ರ ಬರೆದರು. ಫೆಬ್ರವರಿ ಕೊನೆಯ ಹೊತ್ತಿಗೆ ನೈಜರ್ ಮೇಲಿನ ಬಹುತೇಕ ನಿರ್ಬಂಧಗಳು ಹೋದವು. 2025ರ ಜನವರಿ 29ಕ್ಕೆ ಮೂರೂ ದೇಶಗಳೂ ಹೋದವು.

ಅದೇ ವರ್ಷ ಡಿಸೆಂಬರ್ 7ರಂದು ಬೆನಿನ್‌ನಲ್ಲಿ ಕೆಲವು ಸೈನಿಕರು ಟಿ.ವಿ. ಕೇಂದ್ರ ಹಿಡಿದು ಅಧ್ಯಕ್ಷ ಪ್ಯಾಟ್ರಿಸ್ ತಲೋನ್ ಆಡಳಿತ ಮುಗಿಯಿತು ಎಂದು ಸಾರಿದರು. ಈ ಬಾರಿ ಗಡುವು, ಪತ್ರ ಯಾವುದೂ ಇಲ್ಲ. ಬೆನಿನ್ ಸರ್ಕಾರವೇ ಕೇಳಿಕೊಂಡಿತು, ನೈಜೀರಿಯಾದ ಯುದ್ಧವಿಮಾನಗಳು ಅಂದೇ ಬಂದವು, ದಂಗೆ ಅಡಗಿತು. ಸೇನೆಯ ಬಹುಪಾಲು ಅಧ್ಯಕ್ಷರ ಕಡೆಗೇ ಇದ್ದದ್ದು ನೆರವಾಯಿತು. ಹಿಂದಿನ ತಿಂಗಳಷ್ಟೇ ಅಲ್ಲಿನ ಸಂಸತ್ತು ಅಧ್ಯಕ್ಷರ ಅವಧಿಯನ್ನು 5ರಿಂದ 7 ವರ್ಷಕ್ಕೆ ಏರಿಸಿತ್ತು, ಮುಖ್ಯ ವಿರೋಧ ಪಕ್ಷದ ಅಭ್ಯರ್ಥಿ ಕಣದಿಂದ ಹೊರಗುಳಿದಿದ್ದರು. ಅದಕ್ಕೆ ಯಾರೂ ವಿಮಾನ ಕಳಿಸಿರಲಿಲ್ಲ.

ಮರುದಿನ ನೈಜೀರಿಯಾ ವಾಯುಪಡೆಯ ಸರಕು ವಿಮಾನವೊಂದು ಬುರ್ಕಿನಾ ಫಾಸೊದ ಬೋಬೊ-ಜ್ಯುಲಾಸೊದಲ್ಲಿ ತುರ್ತಾಗಿ ಇಳಿಯಿತು. ತಾಂತ್ರಿಕ ತೊಂದರೆ ಎಂದಿತು ನೈಜೀರಿಯಾ. ಅನುಮತಿ ಇಲ್ಲದೆ ನಮ್ಮ ಆಕಾಶಕ್ಕೆ ನುಗ್ಗಿದ್ದೀರಿ ಎಂದಿತು ಸಾಹೇಲ್ ಮೈತ್ರಿಕೂಟ. ಒಳಗಿದ್ದ 11 ಮಂದಿ ಸೈನಿಕರನ್ನು ತಡೆದಿಟ್ಟರು. ಹಿಂದಿನ ಡಿಸೆಂಬರ್‌ನಲ್ಲಿ ಆ ಎರಡೂ ದೇಶಗಳು ಇನ್ನೂ ಒಂದೇ ಸಮುದಾಯದಲ್ಲಿದ್ದವು.