ವಿಕ್ಟೋರಿಯನ್ ಲೇಖಕಿಯರು: ಮೂರು ಸಂಪುಟ, ಎರಡು ಹೆಸರು, ಒಂದು ಕಾನೂನು

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಲೇಖಕಿಯರ ಈ ಪಾಠಕ್ಕೆ ಉತ್ತರ ಬರೆಯುವ ಹೆಚ್ಚಿನವರು ಗುಪ್ತನಾಮದಿಂದ ಶುರುಮಾಡುತ್ತಾರೆ. ಮೊದಲು ಪುಸ್ತಕದ ಬೆಲೆ ನೋಡಿ. ಹೊಸ ಕಾದಂಬರಿ ಸಾಮಾನ್ಯವಾಗಿ ಮೂರು ಸಂಪುಟಗಳಲ್ಲಿ ಬರುತ್ತಿತ್ತು, ಬೆಲೆ 31 ಶಿಲಿಂಗ್ 6 ಪೆನ್ಸ್. ಗಿನಿಗೆ 21 ಶಿಲಿಂಗ್, ಅಲ್ಲಿಗೆ ಒಂದೂವರೆ ಗಿನಿಯಾಯಿತು. ಲಂಡನ್ನಿನ ಮ್ಯೂಡಿ ಗ್ರಂಥಾಲಯಕ್ಕೆ ಒಂದು ಗಿನಿ ಕಟ್ಟಿದರೆ, ಸಲಕ್ಕೊಂದು ಸಂಪುಟದಂತೆ ವರ್ಷವಿಡೀ ಓದಬಹುದಿತ್ತು. ಒಂದೇ ಕಾದಂಬರಿಯನ್ನು ಗ್ರಂಥಾಲಯ ಏಕಕಾಲಕ್ಕೆ ಮೂರು ಮನೆಗೆ ಕೊಡಬಹುದು. ಹಾಗಾಗಿ ಪ್ರಕಾಶಕರು ಕೇಳುತ್ತಿದ್ದದ್ದು ಮೂರು ಸಂಪುಟ ತುಂಬುವ ಹಸ್ತಪ್ರತಿ.

ಬ್ರಾಂಟೆ ಸೋದರಿಯರಲ್ಲಿ ಇದರ ಪೆಟ್ಟು ಸ್ಪಷ್ಟ. ಷಾರ್ಲಟ್ ಬರೆದ ಚಿಕ್ಕ ಕಾದಂಬರಿ ‘ದಿ ಪ್ರೊಫೆಸರ್’ ಅನ್ನು ಸ್ಮಿತ್ ಎಲ್ಡರ್ ಸಂಸ್ಥೆ 1847ರಲ್ಲಿ ವಾಪಸ್ ಕಳಿಸಿತು, ಮೂರು ಸಂಪುಟದ ಕೃತಿಯಿದ್ದರೆ ಗಮನವಿಟ್ಟು ನೋಡುತ್ತೇವೆ ಎಂದಿತು. ಆಗಸ್ಟಿನಲ್ಲಿ ‘ಜೇನ್ ಏರ್’ ಹೋಯಿತು, ಅಕ್ಟೋಬರಿನಲ್ಲಿ ಪ್ರಕಟವಾಯಿತು. ಎಮಿಲಿಯ ‘ವದರಿಂಗ್ ಹೈಟ್ಸ್’ ಎರಡೇ ಸಂಪುಟ ತುಂಬಿತು. ಮೂರನೆಯದಾಗಿ ಆ್ಯನ್‌ಳ ‘ಆಗ್ನೆಸ್ ಗ್ರೇ’ ಸೇರಿತು. ಅಚ್ಚಿಗೆ ಇವರಿಬ್ಬರೇ 50 ಪೌಂಡ್ ಕೊಡಬೇಕಾಯಿತು.

ಈಗಿನ ಮುದ್ರಣಗಳಲ್ಲಿ ‘ಜೇನ್ ಏರ್’ ಅಧ್ಯಾಯ 1ರಿಂದ 38ರವರೆಗೆ ಒಂದೇ ಸಮನೆ ಸಾಗುವುದರಿಂದ ಈ ಮೂರು ಸಂಪುಟದ ಕಟ್ಟು ಕಣ್ಣಿಗೆ ಬೀಳುವುದಿಲ್ಲ. 15 ಮತ್ತು 26ನೇ ಅಧ್ಯಾಯಗಳ ಕೊನೆಗೆ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಮೊದಲ ಗೆರೆ ಬೀಳುವುದು ನಾಯಕ ರಾಚೆಸ್ಟರನ ಹಾಸಿಗೆಗೆ ಬೆಂಕಿ ಬಿದ್ದ ರಾತ್ರಿ, ಎರಡನೆಯದು ಅವನ ಮತ್ತು ಜೇನ್‌ಳ ಮದುವೆ ಮುರಿದ ದಿನ. ಮುಂದಿನ ಸಂಪುಟಕ್ಕೆ ಓದುಗ ಮರುದಿನವೇ ಗ್ರಂಥಾಲಯಕ್ಕೆ ಓಡಬೇಕು, ಅಂಥ ಜಾಗಗಳಿವು. ಈ ಕೈಚಳಕಕ್ಕೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ.

ಇನ್ನು ಹೆಸರು. ‘ಎಲ್ಲರೂ ಗಂಡಸರ ಹೆಸರಿಟ್ಟುಕೊಂಡರು’ ಎಂದು ಬರೆದರೆ ತಪ್ಪು. ಬ್ರಾಂಟೆ ಸೋದರಿಯರ ಗುಪ್ತನಾಮಗಳಾದ ಕರರ್, ಎಲ್ಲಿಸ್, ಆ್ಯಕ್ಟನ್ ಬೆಲ್ ಎಂಬವು ಗಂಡೋ ಹೆಣ್ಣೋ ಖಚಿತವಾಗದಂತೆ ಆರಿಸಿಕೊಂಡ ಹೆಸರುಗಳು. ಷಾರ್ಲಟ್ 1850ರಲ್ಲಿ ತಾನೇ ಇದನ್ನು ವಿವರಿಸಿದ್ದಾಳೆ. ಎಲಿಜಬೆತ್ ಗ್ಯಾಸ್ಕೆಲ್ 1848ರ ‘ಮೇರಿ ಬಾರ್ಟನ್’ ಕಾದಂಬರಿಗೆ ತನ್ನ ಹೆಸರನ್ನೇ ಹಾಕಲಿಲ್ಲ. ಮಾರ್ಗರೆಟ್ ಆಲಿಫಂಟ್ ‘ಮಿಸೆಸ್ ಆಲಿಫಂಟ್’ ಎಂದೇ ಓದುಗರಿಗೆ ಪರಿಚಿತಳು. ಪೂರ್ತಿ ಗಂಡು ಹೆಸರಿಗೆ ಉದಾಹರಣೆ ಬೇಕಿದ್ದರೆ ಜಾರ್ಜ್ ಎಲಿಯಟ್, ಅಂದರೆ ಮೇರಿಯನ್ ಇವಾನ್ಸ್.

ಕೊನೆಗೆ ದುಡ್ಡು. 1870ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ವಿವಾಹಿತೆಯ ಸಂಪಾದನೆ ಕಾನೂನಿನ ಪ್ರಕಾರ ಗಂಡನದು. ಆ ವರ್ಷದ ಕಾಯ್ದೆ ಗಳಿಕೆಯ ಹಕ್ಕನ್ನು ಅವಳಿಗೆ ಕೊಟ್ಟಿತು, 1882ರದು ಉಳಿದ ಆಸ್ತಿಗೂ ವಿಸ್ತರಿಸಿತು. ‘ಮೇರಿ ಬಾರ್ಟನ್’ಗೆ ಬಂದ 100 ಪೌಂಡ್ ಕಾನೂನಿನ ಲೆಕ್ಕದಲ್ಲಿ ಗ್ಯಾಸ್ಕೆಲ್‌ಳ ಗಂಡನದಾಯಿತು. ಜಾರ್ಜ್ ಹೆನ್ರಿ ಲ್ಯೂಯಿಸ್‌ಗೆ ವಿಚ್ಛೇದನ ಸಿಗದೆ ಎಲಿಯಟ್ ಅವನೊಂದಿಗೆ ಮದುವೆಯಾಗದೆಯೇ ಬಾಳಿದಳು, ಸಮಾಜ ಬಾಗಿಲು ಹಾಕಿಕೊಂಡಿತು. ಆದರೆ ಮದುವೆಯಾಗದ ಕಾರಣಕ್ಕೇ 1862ರಲ್ಲಿ ‘ರೊಮೊಲಾ’ ಕಾದಂಬರಿಗೆ ಒಪ್ಪಿಕೊಂಡ 7,000 ಪೌಂಡ್ ಅವಳದೇ ಆಗಿತ್ತು.